ಯಾವ ಮರ ಬಿದ್ದಿತ್ತು?

ನೆಲ್ಯಾಡಿಯಿಂದ ಕಡಬಕ್ಕೆ ಹೋಗುವ ದಾರಿಯ ಪಕ್ಕ, ಕೇರಳದಿಂದ ಬಂದು ನೆಲೆಸಿದ ವರ್ಗೀಸನ ಮನೆ. ಆ ಮನೆಗೆ ಯಾರು ತಡವಾಗಿ ಬಂದರೂ ಅಡುಗೆಮನೆಯಿಂದ ಒಂದೇ ಪ್ರಶ್ನೆ ಬರುತ್ತಿತ್ತು.

"ಯಾವ ಮರ ಬಿದ್ದಿತ್ತು?"

ಕೇಳುವವಳು ವರ್ಗೀಸನ ಹೆಂಡತಿ ಆಲೀಸ್. ಮಗ ಏಲಿಯಾಸ್ ಪೇಟೆಯಿಂದ ಕತ್ತಲಾದ ಮೇಲೆ ಬಂದರೆ ಕೇಳುತ್ತಾಳೆ. ಮಗಳು ಲಾಲಿ ಕಾಲೇಜಿನ ಬಸ್ಸು ತಪ್ಪಿ ನಡೆದು ಬಂದರೆ ಕೇಳುತ್ತಾಳೆ. ಮೇಯಲು ಬಿಟ್ಟ ದನ ಹೊತ್ತು ಮೀರಿ ಬಂದರೆ ದನವನ್ನೂ ಬಿಡುವವಳಲ್ಲ. ಹೊರಗಿನವರಿಗೆ ಅದೊಂದು ತಮಾಷೆ. ಅದು ಲಾಲಿ ಹುಟ್ಟಿದ ದಿನದ ಮಾತೆಂದು ಮನೆಯವರಿಗೆ ಮಾತ್ರ ಗೊತ್ತು.

ಆ ದಿನದ ಕಥೆಯನ್ನು ವರ್ಗೀಸನ ತಾಯಿ ಕೊಚ್ಚುತ್ರೇಸ್ಯ ಹೇಳಿ ಹೇಳಿ ನುಣ್ಣಗೆ ಮಾಡಿಟ್ಟಿದ್ದಳು. ಕರ್ಕಟಕ ಮಾಸ, ಬಿಡದ ಮಳೆ. ಆಲೀಸಳ ಹೊಟ್ಟೆಯಲ್ಲಿ ಅವಳಿ. ಬೆಳಕು ಹರಿಯುವ ಮೊದಲೇ ನೋವು ಶುರುವಾಯಿತು. ವರ್ಗೀಸ್ ಜಂಕ್ಷನ್ನಿಗೆ ಓಡಿದ. ಅಲ್ಲಿ ಕುಂಞಿ ಮೋನು ಬ್ಯಾರಿಯ ಅಂಗಡಿ, ಅಂಗಡಿಯ ಹಿಂದೆಯೇ ಅವನ ಮನೆ. ಮೋನುವಿನ ಹೆಂಡತಿ ರುಖಿಯಮ್ಮ ಹೆರಿಗೆ ಮಾಡಿಸುವುದರಲ್ಲಿ ಪಳಗಿದವಳು. "ನೀವು ಮೊದಲು ಹೋಗಿ, ನಾನು ಜೀಪು ತರುತ್ತೇನೆ" ಎಂದು ಅವಳನ್ನು ನಡೆಸಿ ಕಳಿಸಿ ವರ್ಗೀಸ್ ಜೀಪಿಗೆಂದು ನಿಂತ. ಲಾಲಿ ಹುಟ್ಟಿದಳು. ಎರಡನೆಯ ಮಗು ಅಡ್ಡ ತಿರುಗಿತ್ತು. ಪುತ್ತೂರಿನ ಆಸ್ಪತ್ರೆಗೆ ಮುಟ್ಟಿಸಿದ್ದರೆ ಉಳಿಯುತ್ತಿತ್ತೋ ಏನೋ. ಆದರೆ ತಿರುವಿನಲ್ಲಿ ದಾರಿಗೆ ಅಡ್ಡ ಮರ ಬಿದ್ದಿತ್ತು. ಅದನ್ನು ಕಡಿದು ಸರಿಸಿ ಜೀಪು ಅಂಗಳಕ್ಕೆ ಬರುವಾಗ ಗಂಡುಮಗು ಹೋಗಿಯಾಗಿತ್ತು. ವರ್ಗೀಸ್ ಅಂಗಳದ ಕೆಸರಿನಲ್ಲಿ ಮೊಣಕಾಲೂರಿ ಬಿದ್ದ. ಉಳಿದ ಈ ಒಂದನ್ನು ದೇವರಿಗೇ ಕೊಟ್ಟೆ ಎಂದು ಹರಕೆ ಹೇಳಿದ.

ದೇವರಿಗೆ ಕೊಡುವುದೆಂದರೆ ಕಾನ್ವೆಂಟಿಗೆ ಕೊಡುವುದು, ಹುಡುಗಿ ಸಿಸ್ಟರ್ ಆಗುವುದು. ಹಾಲು ಕುಡಿಯುವ ಮಗುವಿಗೆ ಇದೆಲ್ಲ ಎಂತ ಗೊತ್ತು? ಆದರೆ ಎಂಬತ್ತಾರನೇ ಇಸವಿಯ ಅಕ್ಟೋಬರ್ ತಿಂಗಳಿಗೆ ಲಾಲಿಗೆ ಹದಿನೇಳು ತುಂಬಿತ್ತು. ಕಡಬದ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ. ಈಗ ಎಲ್ಲ ಗೊತ್ತಾಗುತ್ತಿತ್ತು.

"ನವೆಂಬರ್ ಕೊನೆಯ ಆದಿತ್ಯವಾರ ಸಿಸ್ಟರುಗಳು ಬರ್ತಾರೆ" ಎಂದು ಒಂದು ಸಂಜೆ ಮರಗೆಣಸು, ಮೀನುಸಾರಿನ ಎದುರು ಕೂತು ಕೊಚ್ಚುತ್ರೇಸ್ಯ ಸಾರಿದಳು. "ಕ್ರಿಸ್ಮಸ್ಸಿನ ಉಪವಾಸ ಶುರುವಾದರೆ ಕೋಳಿ ಮಾಡಿ ಬಡಿಸುವ ಹಾಗಿಲ್ಲ. ಅದಕ್ಕೆ ಮೊದಲೇ ಬರ್ಲಿ ಅಂತ ನಾನೇ ಹೇಳಿ ಕಳಿಸಿದ್ದೇನೆ."

"ನನ್ನನ್ನು ಒಂದು ಮಾತು ಕೇಳ್ಲಿಕ್ಕೆ ಇಲ್ವಾ ಅಮ್ಮಚ್ಚೀ?" ಎಂದಳು ಲಾಲಿ.

"ಕೇಳುದು ಎಂತ? ಹುಟ್ಟಿದ ದಿನವೇ ಕೊಟ್ಟಾಗಿದೆ."

"ನನಗೆ ಮಂಗಳೂರಿಗೆ ನರ್ಸಿಂಗಿಗೆ ಹೋಗ್ಬೇಕು."

"ಸಿಸ್ಟರುಗಳಲ್ಲೂ ನರ್ಸುಗಳು ಇದ್ದಾರೆ ಮೋಳೇ. ನನ್ನ ಕಾಲಿನ ಹುಣ್ಣು ನೀನು ಕಟ್ಟಿದರೇ ಒಣಗುದು. ಆ ಕೈಗುಣ ಅಲ್ಲಿಯೂ ಬೇಕಾಗ್ತದೆ."

"ನರ್ಸ್ ಆಗ್ಲಿಕ್ಕೆ ಸಿಸ್ಟರ್ ಆಗ್ಬೇಕಂತ ಎಲ್ಲಿ ಬರೆದುಂಟು? ನನಗೆ ರಜೆಗೆ ಮನೆಗೆ ಬರ್ಬೇಕು. ಮದುವೆ ಆಗ್ಬೇಕು. ನನ್ನದೇ ಮಕ್ಕಳು ಬೇಕು."

ಏಲಿಯಾಸ್ ಕೆಮ್ಮಿದ. ಜನವರಿಯಲ್ಲಿ ಅವನ ಮದುವೆ ನಿಶ್ಚಯವಾಗಿತ್ತು. ಬರುವ ಹುಡುಗಿಯ ಕಡೆಯವರು, ತಂಗಿಯ ಭಾರ ಇಲ್ಲವಲ್ಲ ಎಂದು ಕೇಳಿ ತಿಳಿದುಕೊಂಡೇ ಒಪ್ಪಿದ್ದರು. "ಮನೆಯಲ್ಲಿ ಎಲ್ಲ ಸರಿಯಾಗ್ತಾ ಇರುವಾಗ ನೀನೊಬ್ಬಳು ಅಡ್ಡ ಮಾತಾಡ್ಬೇಡ" ಎಂದ.

ವರ್ಗೀಸ್ ತಲೆ ಎತ್ತಲಿಲ್ಲ. ಅವನು ಮಾತೇ ಕಡಿಮೆಯವನು. ಪ್ರಾರ್ಥನೆ, ರಬ್ಬರು, ಊಟ, ನಿದ್ದೆ, ಇಷ್ಟೇ. ಮನೆಗೆ ರೇಡಿಯೋ ಸಹ ಸೇರಿಸಿದವನಲ್ಲ. ಏಲಿಯಾಸ್ ಒಮ್ಮೆ ಆಸೆಪಟ್ಟು ಒಂದು ಟ್ರಾನ್ಸಿಸ್ಟರ್ ತಂದಿದ್ದ. ಅಪ್ಪ ಅದನ್ನು ಅದೇ ದಿನ ಅಂಗಡಿಗೆ ಹಿಂದೆ ಕೊಡಿಸಿದ್ದ. "ನನ್ನ ಮಗ ಸನ್ಯಾಸಿ" ಎಂದು ಕೊಚ್ಚುತ್ರೇಸ್ಯ ಇಗರ್ಜಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು.

ಅದೇ ವಾರ ಕಾಲೇಜಿನಲ್ಲಿ ಇತಿಹಾಸದ ರಾಮಪ್ರಸಾದ ಮಾಸ್ಟ್ರು ಹೊಸತೊಂದು ಕೆಲಸ ಹೇಳಿದರು. "ನೀವು ಹುಟ್ಟಿದ ದಿನ ಲೋಕದಲ್ಲಿ ಎಂತ ಆಗ್ತಾ ಇತ್ತು ಅಂತ ಹುಡುಕಿ ತನ್ನಿ. ಇತಿಹಾಸ ಅಂದರೆ ರಾಜರದ್ದು ಮಾತ್ರ ಅಲ್ಲ." ಒಬ್ಬೊಬ್ಬರ ತಾರೀಖು ಕೇಳುತ್ತಾ ಹೋದರು. ಜೂನ್ ಒಂದು. ಜೂನ್ ಒಂದು. ಮತ್ತೆ ಜೂನ್ ಒಂದು. ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲ ಎಂದವರಿಗೆಲ್ಲ ಹೆಡ್ಮಾಸ್ಟ್ರು ಬರೆದುಕೊಂಡ ಹುಟ್ಟುಹಬ್ಬ ಅದು.

"ಎಂತ ಮಾರಾಯ್ರೆ, ಜೂನ್ ಒಂದಕ್ಕೆ ಇಡೀ ಊರೇ ಹೆತ್ತಿತ್ತಾ?" ಎಂದು ಮಾಸ್ಟ್ರು ಹಣೆ ಚಚ್ಚಿಕೊಂಡರು. ಕ್ಲಾಸೆಲ್ಲ ನಗು. ಲಾಲಿಯದ್ದೂ ಜೂನ್ ಒಂದೇ. ಆದರೆ ಅವಳು ಎದ್ದು ನಿಂತು, "ಸರ್, ನನ್ನದು ನಿಜವಾಗಿ ಅರವತ್ತೊಂಬತ್ತರ ಕರ್ಕಟಕದ ಮೊದಲ ಸೋಮವಾರ" ಎಂದಳು. ಇಲ್ಲಿಯವರ ಲೆಕ್ಕದಲ್ಲಿ ಆಟಿ ತಿಂಗಳು. ಮಾಸ್ಟ್ರು ಮರುದಿನ ಹಳೇ ಪಂಚಾಂಗವೊಂದನ್ನು ತಂದು ಬೆರಳಿಟ್ಟು ನೋಡಿದರು. ನೋಡಿದವರು ಮೇಜಿಗೆ ಬಡಿದರು.

"ಜುಲೈ ಇಪ್ಪತ್ತೊಂದು! ಹುಡುಗೀ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನ ಅದು!"

ಲಾಲಿಗೆ ಆದ ಸಂತೋಷ ಎಷ್ಟೆಂದು ಹೇಳುವುದು! ತಾನು ಹುಟ್ಟಿದ ದಿನ ಮರ ಬಿದ್ದದ್ದು, ತಮ್ಮ ಸತ್ತದ್ದು, ಇಷ್ಟನ್ನೇ ಕೇಳಿ ಬೆಳೆದ ಹುಡುಗಿ ಅವಳು. ಅದೇ ದಿನ ಇಷ್ಟು ದೊಡ್ಡದೊಂದು ಆಗಿತ್ತು, ಮನೆಯಲ್ಲಿ ಒಬ್ಬರೂ ಹೇಳಲಿಲ್ಲವಲ್ಲ! ಬಸ್ಸಿಳಿದವಳು ಓಡುತ್ತಲೇ ಮನೆಗೆ ಬಂದಳು. ರಾತ್ರಿ ಊಟಕ್ಕೆ ಎಲ್ಲರೂ ಕೂರುವವರೆಗೆ ಹೊಟ್ಟೆಯೊಳಗೆ ಇಟ್ಟುಕೊಂಡು ಆಮೇಲೆ ಹೇಳಿದಳು.

"ಚಂದ್ರನನ್ನು ತುಳಿಯುದು ಪಾಪ" ಎಂದಳು ಕೊಚ್ಚುತ್ರೇಸ್ಯ. "ಅದಕ್ಕೇ ಆ ದಿನ ಮರ ಬಿದ್ದದ್ದು."

"ನಿನ್ನನ್ನೂ ಅವರ ಜೊತೆಗೇ ಕಳಿಸಬಹುದಿತ್ತು" ಎಂದು ಏಲಿಯಾಸ್ ನಕ್ಕ.

ಆಲೀಸ್ ಮಾತ್ರ ನಗಲಿಲ್ಲ. ಸೌಟು ಕೈಯಲ್ಲೇ ಹಿಡಿದು ಕೇಳಿದಳು. "ಯಾವ ಹೊತ್ತಿಗೆ ಅದು? ರಾತ್ರಿಯಾ, ಬೆಳಿಗ್ಗೆಯಾ?"

"ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಅಮ್ಮಾ. ಎಂಟೂವರೆ ಹೊತ್ತಿಗೆ. ಊರೂರಲ್ಲಿ ಜನ ರೇಡಿಯೋದ ಎದುರು ಕೂತಿದ್ದರಂತೆ, ಅಲ್ಲಾಡದೆ."

ವರ್ಗೀಸ್ ತಟ್ಟೆ ದೂಡಿ ಎದ್ದ. ಅರ್ಧ ಗಂಜಿ ಹಾಗೇ ಇತ್ತು. ಕೈ ತೊಳೆದು ಹೊರಗೆ ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ಕಡೆ ನಡೆದುಬಿಟ್ಟ. "ನೋಡು, ಬೇಡದ್ದು ಹೇಳಿ ಅವನ ಅನ್ನ ಬಿಡಿಸಿದೆ" ಎಂದು ಅಜ್ಜಿ ಬೈದಳು. ಆಲೀಸ್ "ಹೂಂ" ಎಂದು ಗಂಜಿಯ ಪಾತ್ರೆಗೆ ಮುಚ್ಚಳ ಹಾಕಿದಳು.

ಶನಿವಾರ ಲಾಲಿ ಒಣಮೀನು ತರಲು ಕುಂಞಿ ಮೋನುವಿನ ಅಂಗಡಿಗೆ ಹೋದಳು. ಮಾಸ್ಟ್ರಿಗೆ ಬರೆದುಕೊಡಲು ಇನ್ನೂ ನಾಲ್ಕು ಸಾಲು ಬೇಕಿತ್ತು. ಆ ಕಾಲದಲ್ಲಿ ಆ ಸುತ್ತಿಗೆಲ್ಲ ರೇಡಿಯೋ ಇದ್ದದ್ದು ಮೋನು ಕಾಕನಲ್ಲಿ ಎಂದು ಅವಳು ಕೇಳಿದ್ದಳು.

"ಕಾಕಾ, ಮನುಷ್ಯ ಚಂದ್ರನಲ್ಲಿ ಇಳಿದ ದಿನ ನೆನಪುಂಟಾ?"

ಮೋನು ಕಾಕನ ಮುಖ ಅರಳಿತು. ತಕ್ಕಡಿ ಕೆಳಗಿಟ್ಟ. "ನೆನಪಿಲ್ಲದೆ? ಯಾ ಅಲ್ಲಾ, ಅದೆಂತ ಮಳೆ, ಅದೆಂತ ಜನ! ಅಂಗಡಿಯಲ್ಲಿ ನಿಲ್ಲಲಿಕ್ಕೆ ಜಾಗ ಇಲ್ಲ. ರೇಡಿಯೋ ಆ ಹಲಗೆಯ ಮೇಲೆ. ಒಮ್ಮೆ ಗೊರ ಗೊರ ಅಂತದೆ, ಒಮ್ಮೆ ಮಾತಾಡ್ತದೆ. ಈಗ ಇಳೀತಾನೆ, ಈಗ ಇಳೀತಾನೆ ಅಂತ ಎಲ್ಲರೂ ಉಸಿರು ಹಿಡಿದು ಕೂತದ್ದು. ಜೀಪಿನ ಕಲಂದರ್ ಇಕೊ ಈ ಬೆಂಚಿನಲ್ಲಿ. ಪೋಸ್ಟಿನವ ಅಲ್ಲಿ. ನಿನ್ನ ಅಪ್ಪಚ್ಚನ್ ವರ್ಗೀಸ್ ಈ ಅಕ್ಕಿ ಗೋಣಿಯ ಮೇಲೆ. ಅವ ಕಾಲಿಟ್ಟ ಅಂತ ಹೇಳಿ ಮುಗಿಯುವವರೆಗೆ ಒಬ್ಬ ಎದ್ದಿದ್ದರೆ ಕೇಳು! ಒಂಬತ್ತು..."

ಅಷ್ಟಕ್ಕೆ ನಾಲಿಗೆ ಕಚ್ಚಿಕೊಂಡ. ಯಾರ ಹತ್ತಿರ ಮಾತಾಡುತ್ತಿದ್ದೇನೆಂದು ಆಗ ನೆನಪಾಯಿತೋ ಏನೋ. ತಕ್ಕಡಿ ಎತ್ತಿ ಮೀನು ತೂಗತೊಡಗಿದ.

"ಅಪ್ಪಚ್ಚನ್ ಜೀಪು ತರ್ಲಿಕ್ಕೆ ಬಂದದ್ದಲ್ವಾ ಕಾಕಾ?" ಲಾಲಿಯ ದನಿ ಸಣ್ಣಗಾಯಿತು. "ತಿರುವಿನಲ್ಲಿ ಮರ ಬಿದ್ದಿತ್ತಲ್ಲ, ಅದಕ್ಕೇ ಅಲ್ವಾ ತಡ ಆದದ್ದು?"

"ಯಾವ ಮರ?" ಎಂದ ಮೋನು ಕಾಕ.

ಪಾಪ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಒಳಗಿನಿಂದ ರುಖಿಯಮ್ಮ ಬಾಗಿಲಿಗೆ ಬಂದು ಗಂಡನನ್ನು ನೋಡಿದಳು, ಹುಡುಗಿಯನ್ನು ನೋಡಿದಳು. "ಮೀನು ಕಟ್ಟಿ ಕೊಡಿ, ಅವಳಿಗೆ ಹೊತ್ತಾಗ್ತದೆ" ಎಂದಳು. ಲಾಲಿ ಪೊಟ್ಟಣ ಹಿಡಿದು ಹೊರಟಳು. ತಿರುವಿನ ಹತ್ತಿರ ಬಂದಾಗ ದಾರಿಯ ಅಂಚಿನಲ್ಲೇ ಕುಳಿತುಬಿಟ್ಟಳು. ಸಣ್ಣವಳಿರುವಾಗ ಈ ತಿರುವಿಗೆ ಬಂದರೆ ಅವಳು ಕಣ್ಣು ಮುಚ್ಚಿ ತಮ್ಮನಿಗೊಂದು ಪ್ರಾರ್ಥನೆ ಹೇಳುತ್ತಿದ್ದಳು.

ಮನೆಗೆ ಬಂದಾಗ, "ಯಾವ ಮರ ಬಿದ್ದಿತ್ತು?" ಎಂದಳು ಆಲೀಸ್.

ಲಾಲಿ ಪೊಟ್ಟಣ ಇಟ್ಟು ಬಟ್ಟೆ ಒಗೆಯಲು ಹೋದಳು.

ಬೆಳಗ್ಗೆ ಬೆಳಗ್ಗೆ ರಬ್ಬರ್ ಹಾಲು ತೆಗೆಯಲು ಅಪ್ಪ ಮಗಳು ಒಟ್ಟಿಗೆ ಹೋಗುವುದು. ಅವನು ಮರದ ತೊಗಟೆ ಕೆರೆಯುತ್ತಾ ಮುಂದೆ, ಅವಳು ಹಾಲು ಹಿಡಿಯುವ ಚಿರಟೆಗಳನ್ನು ಸರಿ ಮಾಡುತ್ತಾ ಹಿಂದೆ. ಎರಡು ವಾರ ಅವಳು ಬಾಯಿ ಬಿಡಲಿಲ್ಲ. ಮನೆಯೊಳಗೆ ಒಂದು ಕಡೆ ಏಲಿಯಾಸನ ಮದುವೆಗೆ ಸುಣ್ಣ ಬಳಿಯುವ ಮಾತು, ಇನ್ನೊಂದು ಕಡೆ ಅಜ್ಜಿ ಅವಳಿಗಾಗಿ ಬಿಳಿ ಬಟ್ಟೆ ಹೊಲಿಸಲು ಕೊಟ್ಟ ಸಂಭ್ರಮ. ಕೊನೆಗೆ ಒಂದು ದಿನ ತಡೆಯಲಾಗಲಿಲ್ಲ.

"ಅಪ್ಪಚ್ಚಾ, ಅದು ಯಾವ ಮರ?"

ವರ್ಗೀಸನ ಕತ್ತಿ ನಿಂತಿತು.

"ಹಲಸಿನದಾ, ಮಾವಿನದಾ? ಕಡಿದವರು ಯಾರು? ಹೇಳಿ ಅಪ್ಪಚ್ಚಾ. ನನ್ನ ಜನ್ಮ ಹೋಗುದು ಆ ಮರಕ್ಕೆ. ಯಾವ ಮರ ಅಂತ ಆದರೂ ಗೊತ್ತಾಗ್ಲಿ."

ಅವನು ತಿರುಗಿ ನೋಡಲಿಲ್ಲ. ಮರಕ್ಕೆ ಹಣೆ ಕೊಟ್ಟು ನಿಂತ. "ಮೋನು ಹೇಳಿದನಾ?" ಎಂದು ಕೇಳಿದ.

"ಯಾರು ಹೇಳಿದರೆ ಎಂತ?"

"ಒಂದು ನಿಮಿಷ ಅಂತ ಕೂತದ್ದು ಮೋಳೇ. ಕಲಂದರ್ ಏಳಲಿಲ್ಲ. ಇದೊಂದು ಕೇಳಿ ಹೋಗುವ, ಹೆರಿಗೆ ಅಂದರೆ ಹೊತ್ತು ಉಂಟು ಅಂದ. ನಾನೂ..." ಮಾತು ಮುಂದೆ ಹೋಗಲಿಲ್ಲ. "ನಿನ್ನ ಅಮ್ಮನಿಗೆ ಹೇಳ್ಬೇಡ. ಅವಳು ತಡ್ಕೊಳ್ಳುದಿಲ್ಲ."

"ಹಾಗಾದರೆ ನನ್ನನ್ನು ಕಳಿಸ್ಬೇಡಿ."

"ಅದು ಕೊಟ್ಟಾಗಿದೆಯಲ್ಲ."

"ತಪ್ಪು ನಿಮ್ಮದು, ಕೊಟ್ಟದ್ದು ನನ್ನನ್ನು! ಹರಕೆ ವಾಪಸು ತೆಗೀರಿ ಅಪ್ಪಚ್ಚಾ. ಇಗರ್ಜಿಯ ಅಚ್ಚನ್ ಹತ್ತಿರ ಹೋಗಿ ಹೇಳಿ."

"ಯಾಕೆ ತೆಗೆದೆ ಅಂತ ನಿನ್ನ ಅಮ್ಮ ಕೇಳಿದರೆ ಎಂತ ಹೇಳ್ಲಿ?" ಎಂದ ವರ್ಗೀಸ್. ಅವನ ಕತ್ತಿ ಗೆರೆ ತಪ್ಪಿತ್ತು. ಹಾಲು ಚಿರಟೆಗೆ ಬೀಳದೆ ಮರದ ಮೇಲೆಲ್ಲ ಹರಿಯುತ್ತಿತ್ತು.

ಲಾಲಿಗೆ ಸಿಟ್ಟು ಬಂತು, ಅಳು ಬಂತು, ಕೊನೆಗೆ ಅವನ ಮೇಲೆ ಕನಿಕರವೂ ಬಂತು. ಈ ಕನಿಕರವೇ ಅವಳ ಕಾಲಿಗೆ ಬಿದ್ದ ಹಗ್ಗ. ಬಾಯಿ ಬಿಟ್ಟರೆ ತಾನು ಉಳಿಯುತ್ತೇನೆ, ಅಮ್ಮ ಒಡೆದು ಹೋಗುತ್ತಾಳೆ. ಹದಿನೇಳು ವರ್ಷ ಆ ಬಡಪಾಯಿ ಒಂದು ಮರಕ್ಕೆ ಬೈದುಕೊಂಡು ಬದುಕಿದ್ದಾಳೆ. ಆ ಮರವನ್ನೂ ಕಸಿದುಕೊಳ್ಳುವುದಾ? ಹಗಲೆಲ್ಲ ಬಾವಿಕಟ್ಟೆಯಲ್ಲಿ, ಒಲೆಯ ಮುಂದೆ, ಅಜ್ಜಿಯ ಕಾಲು ಕಟ್ಟುವಾಗ ಅವಳು ಅದನ್ನೇ ಯೋಚಿಸಿದಳು. ಎತ್ತ ತಿರುಗಿದರೂ ಗೋಡೆ.

ನವೆಂಬರಿನ ಕೊನೆಯ ಆದಿತ್ಯವಾರ ಬಂದೇ ಬಂತು. ಇಗರ್ಜಿ ಮುಗಿಸಿ ಇಬ್ಬರು ಸಿಸ್ಟರುಗಳು ಬಂದರು. ಹಿರಿಯವರು ದಪ್ಪ ಕನ್ನಡಕದ ಸಮಾಧಾನದ ಹೆಂಗಸು. ಮನೆಯವರೆಲ್ಲ ಸುತ್ತ ಕೂತರು. ಆಲೀಸ್ ಅಕ್ಕಿಯ ಅಪ್ಪ, ಕೋಳಿಸಾರು ಬಡಿಸಿದಳು. ಕೊಚ್ಚುತ್ರೇಸ್ಯ ತನ್ನ ಕಥೆ ಶುರು ಮಾಡಿದಳು. ಕರ್ಕಟಕ, ಮಳೆ, ಜೀಪು, ತಿರುವಿನ ಮರ.

"ಎಂತ ಮರ ಅಂತೀರಿ ಸಿಸ್ಟರ್! ನಾಲ್ಕು ಜನ ಹಿಡಿದರೂ ಅಲ್ಲಾಡದ ಮರ! ನನ್ನ ಮಗ ಒಬ್ಬನೇ ಕೊಡಲಿ ಹಿಡಿದು ಕಡಿದದ್ದು. ಅಂಗೈಯಿಡೀ ರಕ್ತ."

ವರ್ಗೀಸ್ ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಹಿರಿಯ ಸಿಸ್ಟರ್ ಕಥೆ ಕೇಳಿ ಮುಗಿಸಿ ಲಾಲಿಯ ಕಡೆ ತಿರುಗಿದರು. "ಅವರೆಲ್ಲ ಹೇಳಿದ್ದು ಆಯಿತು. ನಿನ್ನ ಮನಸ್ಸು ಎಂತ ಹೇಳ್ತದೆ ಮೋಳೇ? ಮನಸ್ಸಿಲ್ಲದಿದ್ದರೆ ಈಗಲೇ ಹೇಳು. ಎಳೆದು ತಂದವರಿಂದ ನಮಗೆ ಎಂತ ಮಾಡ್ಲಿಕ್ಕುಂಟು?"

ಲಾಲಿ ಅಪ್ಪನನ್ನು ನೋಡಿದಳು. ಅವನ ಕಣ್ಣಿನಲ್ಲಿ ಹೆದರಿಕೆಯಿತ್ತು. ಅಮ್ಮನನ್ನು ನೋಡಿದಳು.

"ಬರ್ತೇನೆ ಸಿಸ್ಟರ್" ಎಂದಳು.

"ದೇವರ ದಯೆ!" ಎಂದು ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಏಲಿಯಾಸ್ ಇನ್ನೊಂದು ಅಪ್ಪಕ್ಕೆ ಕೈ ಚಾಚಿದ.

"ಅವಳು ಬರುದಿಲ್ಲ."

ಹೇಳಿದವಳು ಆಲೀಸ್. ಸಾರಿನ ಪಾತ್ರೆ ಕೆಳಗಿಟ್ಟು ನಿಂತಿದ್ದಳು.

"ನಿನಗೆಂತ ಹುಚ್ಚಾ?" ಎಂದು ಕೊಚ್ಚುತ್ರೇಸ್ಯ ಚೀರಿದಳು. "ಮರ ಬಿದ್ದ ದಿನ ಹೇಳಿದ ಹರಕೆ!"

"ಮರ ಬಿದ್ದಿರಲಿಲ್ಲ ಅಮ್ಮಚ್ಚೀ."

ಏಲಿಯಾಸ್ ಚಾಚಿದ ಕೈ ಹಿಂದೆ ತೆಗೆದ.

"ಅದೇ ದಾರಿಯಲ್ಲಿ ರುಖಿಯಮ್ಮ ನಡೆದು ಬಂದಳು. ಸೀರೆಯ ಅಂಚು ಸಹ ಹರಿಯದೆ ಬಂದಳು. ಜೀಪೂ ಅದೇ ದಾರಿಯಲ್ಲಿ ಬಂತು. ಅದೇ ಜೀಪಿನಲ್ಲಿ ನನ್ನನ್ನು ಆಸ್ಪತ್ರೆಗೆ ಹಾಕಿಕೊಂಡು ಹೋದರಲ್ಲ, ಮಲಗಿದ್ದರೂ ನನಗೆ ಕಣ್ಣಿತ್ತು. ತಿರುವಿನಲ್ಲಿ ಒಂದು ಕಡಿದ ಕೊಂಬೆ ಇರಲಿಲ್ಲ, ಒಂದು ಚಕ್ಕೆ ಇರಲಿಲ್ಲ." ಆಲೀಸ್ ಗಂಡನನ್ನು ನೋಡಿದಳು. ದನಿ ಎತ್ತರವಾಗಲಿಲ್ಲ. "ಅವತ್ತಿನಿಂದ ಕೇಳ್ತಾ ಇದ್ದೇನೆ. ಯಾವ ಮರ ಬಿದ್ದಿತ್ತು, ಯಾವ ಮರ ಬಿದ್ದಿತ್ತು ಅಂತ. ನೀವು ತಮಾಷೆ ಅಂತ ತಿಳಿದಿರಾ? ಒಂದು ದಿನ ಬಾಯಿ ಬಿಟ್ಟು ಹೇಳ್ತೀರಿ ಅಂತ ಕಾದೆ. ಶರಾಬಿನ ಅಂಗಡಿಯಾ, ಇನ್ನೊಬ್ಬಳ ಮನೆಯಾ, ಎಂತೆಲ್ಲ ಯೋಚನೆ ಮಾಡಿದ್ದೇನೆ ಗೊತ್ತುಂಟಾ? ಇವಳು ಮೊನ್ನೆ ಚಂದ್ರನ ಸುದ್ದಿ ತಂದಾಗ ನೀವು ಅನ್ನ ಬಿಟ್ಟು ಎದ್ದಿರಿ. ಆಗ ಗೊತ್ತಾಯಿತು."

"ಅಮ್ಮಾ..." ಎಂದಳು ಲಾಲಿ.

"ನಿನಗೂ ಗೊತ್ತಾಗಿದೆ. ಒಣಮೀನು ತರ್ಲಿಕ್ಕೆ ಹೋದ ದಿನದಿಂದ ನನ್ನ ಮುಖ ನೋಡ್ತಾ ಇಲ್ಲ ನೀನು. ನುಂಗಿಕೊಂಡು ಕೂತಿದ್ದೀಯ, ನನ್ನ ಹಾಗೇ. ನನ್ನದು ಆಗಿಹೋಯಿತು. ನಿನ್ನದು ಹಾಗೆ ಆಗುದು ಬೇಡ. ಪರೀಕ್ಷೆ ಮುಗಿಸು, ಮಂಗಳೂರಿಗೆ ಹೋಗು."

ಸಿಸ್ಟರುಗಳು ಹೆಚ್ಚು ಹೊತ್ತು ಕೂರಲಿಲ್ಲ. ಹೋಗುವಾಗ ಹಿರಿಯವರು ಆಲೀಸಳ ಕೈ ಹಿಡಿದು ಅದುಮಿದರು. ಹರಕೆ ಮುರಿದರೆ ಮನೆ ಹಾಳು ಎಂದು ಕೊಚ್ಚುತ್ರೇಸ್ಯ ಎದೆ ಬಡಿದುಕೊಂಡಳು. ಹುಡುಗಿಯ ಕಡೆಯವರಿಗೆ ಎಂತ ಹೇಳುವುದೆಂದು ಏಲಿಯಾಸ್ ತಲೆ ಹಿಡಿದು ಕೂತ.

ಇನ್ನು ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಲಾಲಿ ಉಳಿದಳು ನಿಜ. ಆದರೆ ಉಳಿದ ಮನೆ ಎಂತ ಮನೆ! ಆಲೀಸ್ ಗಂಡನ ತಟ್ಟೆಯನ್ನು ಹೊರಗಿನ ಜಗಲಿಗೆ ಇಟ್ಟಳು. "ಗಂಜಿ ಆಯಿತು ಅಂತ ಹೇಳು" ಎನ್ನುವಳು, ಲಾಲಿ ಹೋಗಿ ಹೇಳಬೇಕು. "ಉಪ್ಪು ಕೇಳು" ಎನ್ನುವನು, ಲಾಲಿ ಬಂದು ಕೇಳಬೇಕು. ಏಲಿಯಾಸ್ ತಂಗಿಯ ಹತ್ತಿರ ಮಾತು ಬಿಟ್ಟ. ಅಜ್ಜಿ ಹುಣ್ಣಿನ ಕಾಲನ್ನು ಅವಳ ಕೈಗೆ ಕೊಡಲಿಲ್ಲ. ಕಾನ್ವೆಂಟಾದರೂ ಇದಕ್ಕಿಂತ ಮಾತು ಇದ್ದ ಜಾಗವಾಗಿತ್ತೇನೋ ಎಂದು ಲಾಲಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ, ಯಾರು ತಡವಾಗಿ ಬಂದರೂ ಆಲೀಸ್ ಈಗ ಎಂತದೂ ಕೇಳುತ್ತಿರಲಿಲ್ಲ.

ಕ್ರಿಸ್ಮಸ್ಸಿಗೆ ಮೊದಲಿನ ಒಂದು ಸಂಜೆ. ರಬ್ಬರ್ ಶೀಟು ಕೊಡಲು ಹೋದ ವರ್ಗೀಸ್ ಜಪಸರದ ಪ್ರಾರ್ಥನೆಗೆ ಬರಲಿಲ್ಲ. ಪ್ರಾರ್ಥನೆ ಮುಗಿದು ಎಲ್ಲರೂ ಊಟಕ್ಕೆ ಕೂತ ಮೇಲೆ ಅಂಗಳದಲ್ಲಿ ಹೆಜ್ಜೆ ಕೇಳಿಸಿತು. ಅವನು ಜಗಲಿಗೆ ಹೋಗಲಿಲ್ಲ. ಅಡುಗೆಮನೆಯ ಮೆಟ್ಟಿಲಿಗೆ ಬಂದು ನಿಂತ. ಆಲೀಸ್ ಕೇಳುತ್ತಾಳೆಂದು ಎಲ್ಲರೂ ಕಾದರು. ಅವಳು ಕೇಳಲಿಲ್ಲ.

"ಮರ ಬಿದ್ದಿರಲಿಲ್ಲ ಆಲೀಸ್" ಎಂದ ವರ್ಗೀಸ್. ದನಿ ಒಡೆದಿತ್ತು. "ಅಂಗಡಿಯಲ್ಲಿ ಕೂತಿದ್ದೆ. ರೇಡಿಯೋ ಕೇಳ್ತಾ ಕೂತಿದ್ದೆ."

ಇವತ್ತಿನದು ಹೇಳಿದ್ದೋ ಅವತ್ತಿನದೋ ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಕೊಚ್ಚುತ್ರೇಸ್ಯ ತಟ್ಟೆಯೊಳಗೆ ಕೈಯಿಟ್ಟುಕೊಂಡೇ ಅಳತೊಡಗಿದಳು.

ಆಲೀಸ್ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ತಿರುಗದೆಯೇ ಕೇಳಿದಳು.

"ಅವನು ಇಳಿದನಾ?"

"ಯಾರು?"

"ಚಂದ್ರನಿಗೆ ಹೋದವನು."

"ಇಳಿದ."

"ಇಳಿದು ಎಂತ ಮಾಡಿದ?"

ಲಾಲಿಗೆ ಅಪ್ಪ ಸುಳ್ಳೊಂದು ಹೇಳಲಿ, ದೊಡ್ಡದೊಂದು ಹೇಳಲಿ ಎಂದು ಆಸೆಯಾಯಿತು.

"ಎಂತ ಇಲ್ಲ" ಎಂದ ಅವನು. "ಸ್ವಲ್ಪ ನಡೆದ. ಕಲ್ಲು ಹೆಕ್ಕಿದ."

"ಕಲ್ಲು" ಎಂದಳು ಆಲೀಸ್.

ಆಮೇಲೆ ಅವಳು ಜಗಲಿಗೆ ಹೋಗಿ ಅವನ ತಟ್ಟೆಯನ್ನು ಒಳಗೆ ತಂದಳು. ಲಾಲಿಯ ಪಕ್ಕದಲ್ಲಿ ಇಟ್ಟು ಗಂಜಿ ಬಡಿಸಿದಳು. ವರ್ಗೀಸ್ ಕೂತ. ತಟ್ಟೆ ಮುಟ್ಟಲು ಅವನಿಗೆ ಧೈರ್ಯ ಸಾಲಲಿಲ್ಲ.

"ಉಣ್ಣಿ, ತಣಿಯುತ್ತದೆ" ಎಂದಳು ಆಲೀಸ್.